ಜೆರ್ಟ್ರೂಡ್ ಟೀಚರ್ ಒದಗಿಸಿದ ಸೈನ್ಯ

ಕಾಪುವಿನ ಜೆರ್ಟ್ರೂಡ್ ಟೀಚರ್ ನಿವೃತ್ತರಾದ ಮೇಲೆ ಮಕ್ಕಳಿಗೆ ಜೂಡೊ ಮತ್ತು ಕಬಡ್ಡಿ ಕಲಿಸುತ್ತಿರುವುದು ಕಡಲ ಬದಿಯ ಹಳೆಯ ಶೆಡ್ಡಿನಲ್ಲಿ. ಮೊದಲು ಅಲ್ಲಿ ಮೀನಿನ ಬಲೆ ಇಡುತ್ತಿದ್ದರು. ಮಳೆ ಜೋರಾದ ದಿನ ಚಾಪೆಗಳಿಗೆ ಈಗಲೂ ಬಂಗುಡೆ ಮೀನಿನ ವಾಸನೆ. ಮೂಗು ಮುಚ್ಚಿಕೊಳ್ಳದೆ ಬೀಳುವುದೇ ಅಲ್ಲಿಯ ಮೊದಲ ಪಾಠ.

ಹೊಸಬರು ಬಂದಾಗಲೆಲ್ಲ ಟೀಚರ್ ಒಂದು ಮಾತು ಹೇಳುತ್ತಾರೆ. ಇದು ಬರೀ ಆಟವಲ್ಲ, ಯುದ್ಧದಿಂದ ಬಂದ ವಿದ್ಯೆ. ಕತ್ತಿ ಕೈಜಾರಿದ ಯೋಧ ಎದುರಾಳಿಯನ್ನು ಹಿಡಿದು ಕೆಡವಬೇಕಿತ್ತು, ಜೂಡೊದ ಬೇರು ಅಲ್ಲಿದೆ. ಶತ್ರುವಿನ ಕೋಟೆಗೆ ನುಗ್ಗಿ, ಉಸಿರಿರುವಾಗಲೇ ಮರಳುವುದು ಕಬಡ್ಡಿ.

ಇದನ್ನು ಒಪ್ಪದವರು ಗಂಡ ಸ್ಟ್ಯಾನಿಸ್ಲಾಸ್. ಸೈನ್ಯದಲ್ಲಿ ಇಪ್ಪತ್ತು ವರ್ಷ ಇದ್ದವರು, ಅಷ್ಟೂ ವರ್ಷ ಸ್ಟೋರಿನಲ್ಲಿ, ಕಂಬಳಿ ಕಾಲುಚೀಲಗಳ ನಡುವೆ.

"ಜೂಡೊದ್ದು ಇರಬಹುದು. ಕಬಡ್ಡಿಗೆ ಸಾಕ್ಷಿ ಎಂತ ಉಂಟು?"

"ಎಲ್ಲರೂ ಹೇಳ್ತಾರೆ."

"ಎಲ್ಲರೂ ನನ್ನನ್ನು ಶೂರ ಅಂತಲೂ ಹೇಳ್ತಾರೆ. ನಾನು ಕಂಬಳಿ ಹಂಚಿದವ."

"ನೀನು ಯುದ್ಧ ನೋಡಿದ್ದೀಯಾ?"

"ಇಲ್ಲ. ಆದರೆ ಅಲ್ಲಿ ರೆಫ್ರಿ ಇರುವುದಿಲ್ಲ, ಅಷ್ಟು ಗೊತ್ತುಂಟು."

ಶೆಡ್ಡು ಮೀನುಗಾರರ ಸಂಘದ್ದು. ಈ ವರ್ಷ ಐಸ್ ಪೆಟ್ಟಿಗೆ ಇಡಲು ಅದು ಬೇಕೆಂದು ಅಧ್ಯಕ್ಷ ಮುದ್ದಣ್ಣ ಹೇಳಿ ಕಳುಹಿಸಿದರು. ಬೇರೆ ಜಾಗವಿಲ್ಲದ ಟೀಚರ್ ಅವರ ಮನೆಗೇ ಹೋದರು. ಮುದ್ದಣ್ಣ ಆಗ ಬೇರೆಯೇ ಚಿಂತೆಯಲ್ಲಿದ್ದರು. ತಾವೇ ಬರೆದು ತಾವೇ ರಾಜನಾಗುವ ನಾಟಕವೊಂದನ್ನು ಅವರು ಕಾರ್ಕಳದ ಮೈದಾನದಲ್ಲಿ ಆಡಿಸುವವರಿದ್ದರು. ಕೊನೆಯಲ್ಲಿ ಪರಂಗಿಗಳೊಡನೆ, ಅಂದರೆ ಪೋರ್ಚುಗೀಸರೊಡನೆ, ಯುದ್ಧ.

"ಟೀಚರ್, ನನ್ನ ಹತ್ತಿರ ರಾಜ ಉಂಟು, ಕೋಟೆ ಉಂಟು. ಸೈನ್ಯ ಇಲ್ಲ."

"ನನ್ನ ಹತ್ತಿರ ಸೈನ್ಯ ಉಂಟು. ಶೆಡ್ಡು ಇಲ್ಲ."

ಮುದ್ದಣ್ಣ ನಕ್ಕರು. "ಯುದ್ಧ ಜನ ಮೆಚ್ಚುವ ಹಾಗೆ ಆಗಲಿ, ಐಸಿಗೆ ಬೇರೆ ಜಾಗ ನೋಡುವ. ಗೆಲ್ಲುವುದು ಮಾತ್ರ ನಾನು."

ಅಭ್ಯಾಸ ಚೆನ್ನಾಗಿಯೇ ನಡೆಯಿತು. ಟೀಚರ್ ಒಂದು, ಎರಡು ಎಂದು ಕೂಗಿದಂತೆ ಮಕ್ಕಳು, ಅರ್ಧ ಜನ ರಾಜನ ಭಟರು, ಅರ್ಧ ಜನ ಪರಂಗಿಗಳು, ನಿಧಾನವಾಗಿ ಹೊಡೆದು ನಿಧಾನವಾಗಿ ಸತ್ತರು. ಆದರೆ ಕಾರ್ಕಳದಲ್ಲಿ ಆ ಸಂಜೆ ಡೋಲು ಬಡಿಯಿತು, ಜನ ಕೇಕೆ ಹಾಕಿದರು, ಮಕ್ಕಳಿಗೆ ನಾಟಕ ಮರೆತುಹೋಯಿತು.

ರಾಜನ ಸೇನಾಪತಿ ಪ್ರಖ್ಯಾತ್ ಶತ್ರುಗಳ ನಡುವೆ ನುಗ್ಗಿದ, ಮೂವರು ಪರಂಗಿಗಳನ್ನು ಮುಟ್ಟಿದ, ತಿರುಗಿ ತನ್ನ ಕೋಟೆಗೆ ಓಡಿದ. ಕತ್ತಿ ಸೊಂಟದಲ್ಲೇ ಇತ್ತು. ಮುಟ್ಟಿಸಿಕೊಂಡ ಮೂವರು ತಲೆತಗ್ಗಿಸಿ ಹೊರಗೆ ನಡೆದು ಸಾಲಾಗಿ ಕುಳಿತರು. ಪರಂಗಿಗಳ ನಾಯಕಿ ಚೈತಾಲಿ, ಟೀಚರ್ ಬಳಿ ಜೂಡೊ ಕಲಿಯುವ ಮಣಿಪಾಲದ ವಿದ್ಯಾರ್ಥಿನಿ, ಅಂಟಿಸಿದ ಮೀಸೆಯಲ್ಲಿ ಮುನ್ನುಗ್ಗಿ ರಾಜನ ಭಟನೊಬ್ಬನನ್ನು ಎತ್ತಿ ಕೆಡವಿದಳು. ಒಂದು ಹೆಜ್ಜೆ ಹಿಂದೆ ಸರಿದು ಜೂಡೊ ಪದ್ಧತಿಯಂತೆ ಬಗ್ಗಿ ವಂದಿಸಿದಳು. ಸತ್ತ ಭಟ ಎದ್ದು ಪ್ರತಿವಂದನೆ ಮಾಡಿ ಹೊರಗೆ ಹೋದ. ಅವನು ಔಟಾದ ಲೆಕ್ಕಕ್ಕೆ ಹೊರಗಿದ್ದ ಪರಂಗಿಯೊಬ್ಬ ಜೀವ ಬಂದು ಒಳಗೆ ಓಡಿದ.

"ಸಾಯಿರಿ ಮಾರಾಯ್ರೆ," ಮುದ್ದಣ್ಣ ಪಿಸುಗುಟ್ಟಿದರು. ಕೊರಳಲ್ಲಿ ಮೈಕಿತ್ತು. ಇಡೀ ಮೈದಾನಕ್ಕೆ ಕೇಳಿಸಿತು.

"ಸತ್ತಿದ್ದೆ ಮುದ್ದಣ್ಣಣ್ಣ," ಎಂದ ಪರಂಗಿ. "ನಮಗೆ ಪಾಯಿಂಟ್ ಬಂತು ಅಲ್ವಾ, ಎದ್ದೆ."

ಜನ ಬಿದ್ದು ಬಿದ್ದು ನಕ್ಕರು. ಯಾರೋ ಪಾಯಿಂಟು ಎಣಿಸತೊಡಗಿದರು. ಒಂದು ಕಡೆಯವರು ರಾಜನಿಗೆ, ಇನ್ನೊಂದು ಕಡೆಯವರು ನಾಚಿಕೆಯಿಲ್ಲದೆ ಪರಂಗಿಗಳಿಗೆ ಚಪ್ಪಾಳೆ ಹೊಡೆದರು. ಎಷ್ಟು ಜನ ಸತ್ತರೂ ಅಷ್ಟೇ ಜನ ಏಳುತ್ತಿದ್ದ ಆ ಯುದ್ಧ ಮುಗಿಯುವ ಲಕ್ಷಣವೇ ಇರಲಿಲ್ಲ. ಕೊನೆಗೆ ರಾಜ ತಾನೇ ಕತ್ತಿ ಎತ್ತಿ ಚೈತಾಲಿಯ ಮೇಲೆ ನುಗ್ಗಿದ. ಅವಳ ಕೈ ತಾನಾಗಿ ರಾಜನ ತೋಳು ಹಿಡಿಯಿತು. ಕಿರೀಟ ಒಂದು ಕಡೆ, ಮುದ್ದಣ್ಣ ಒಂದು ಕಡೆ. ಚೈತಾಲಿ ವಂದಿಸಿದಳು.

ಡೋಲು ನಿಂತಿತು. ರಾಜನೇ ಸೋತಿದ್ದ. ಟೀಚರ್ ಕಣ್ಣಮುಂದೆ ಶೆಡ್ಡಿನ ತುಂಬ ಐಸ್ ಪೆಟ್ಟಿಗೆ.

ಅವರು ಕೊರಳಲ್ಲಿದ್ದ ವಿಸಿಲ್ ಊದಿದರು. ಎರಡೂ ಸೈನ್ಯಗಳು ಇದ್ದಲ್ಲೇ ಸ್ತಬ್ಧವಾದವು. ಟೀಚರ್ ರಣರಂಗದ ನಡುವೆ ನಡೆದು, ಸುತ್ತ ಎಳೆದಿದ್ದ ಸುಣ್ಣದ ಗೆರೆಯ ಆಚೆ ಇದ್ದ ಚೈತಾಲಿಯ ಪಾದ ತೋರಿಸಿದರು.

"ಗೆರೆಯ ಹೊರಗೆ ಹಿಡಿದದ್ದು. ಲೆಕ್ಕಕ್ಕಿಲ್ಲ. ಪರಂಗಿಗಳದ್ದು ಫೌಲ್. ರಾಜರು ಏಳಬೇಕು."

ರಾಜರು ಎದ್ದರು. ಟೀಚರ್ ಅವರ ಬಲಗೈ ಮೇಲೆತ್ತಿ ಹಿಡಿದರು. ಸೋತ ಪರಂಗಿಗಳು ಸಾಲಾಗಿ ಬಂದು ಗೆದ್ದವರ ಕೈ ಕುಲುಕಿದರು. ಮೈದಾನ ಎದ್ದು ನಿಂತು ಶಿಳ್ಳೆ ಹೊಡೆಯಿತು.

ಮನೆಗೆ ಮರಳುವಾಗ ಟೀಚರ್ ಗಂಡನನ್ನು ಕೇಳಿದರು, "ಈಗ ಹೇಳು. ಯುದ್ಧದಲ್ಲಿ ರೆಫ್ರಿ ಇರುವುದಿಲ್ವಾ?"

ಸ್ಟ್ಯಾನಿಸ್ಲಾಸ್ ತಲೆ ಅಲ್ಲಾಡಿಸಿದರು. "ಇದ್ದಿದ್ದರೆ ಗಾಯಾಳುಗಳಿಗೆ ಹೊದಿಸಲು ನನ್ನ ಸ್ಟೋರಿನಲ್ಲಿ ಅಷ್ಟು ಕಂಬಳಿ ಖರ್ಚಾಗುತ್ತಿರಲಿಲ್ಲ."

ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಎಲ್ಲರಿಗಿಂತ ಮೊದಲು ನಿಂತಿದ್ದವರು ಮುದ್ದಣ್ಣ. ಐಸ್ ಪೆಟ್ಟಿಗೆ ಬಂದಿದೆಯೇ ಎಂದು ಟೀಚರ್ ಅವರ ಬೆನ್ನ ಹಿಂದೆ ಇಣುಕಿದರು. ಮುದ್ದಣ್ಣ ಸೊಂಟ ನೀವಿಕೊಳ್ಳುತ್ತ ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದರು, ಚಾಪೆಯ ಅಂಚಿನಲ್ಲಿ ನಿಂತು ಮೂಗು ಮುಚ್ಚಿಕೊಂಡರು.

"ಬೀಳುವುದು ಹೇಗೆ ಅಂತ ಹೇಳಿಕೊಡಿ ಟೀಚರ್. ಜನರಿಗೆ ಬರುವ ವರ್ಷವೂ ಇದೇ ಯುದ್ಧ ಬೇಕಂತೆ."

"ಮೊದಲು ಮೂಗಿನಿಂದ ಕೈ ತೆಗೆಯಿರಿ," ಎಂದರು ಜೆರ್ಟ್ರೂಡ್ ಟೀಚರ್.