ಪಡಸಾಲೆಯ ಫ್ರಿಜ್ಜು

ಬನಹಟ್ಟಿಯ ಮಗ್ಗದ ಕಾರಖಾನೆಯಲ್ಲಿ ನನ್ನ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತುವ ಕರೆವ್ವ ಹೋದ ವರ್ಷ ಒಂದು ಫ್ರಿಜ್ಜು ಕೊಂಡಳು. ಕೊಂಡಳು, ಅಷ್ಟೇ. ಅವಳ ಬಾಡಿಗೆ ಕೋಣೆಯಲ್ಲಿ ಒಂದು ಬಲ್ಬು ಬಿಟ್ಟರೆ ಪ್ಲಗ್ಗಿಲ್ಲ. ಮನೆಯೊಡತಿ ಮಾದೇವಿ ದೊಡ್ಡ ಮನಸ್ಸು ಮಾಡಿ ತನ್ನ ಪಡಸಾಲೆಯಲ್ಲಿ ಜಾಗ ಕೊಟ್ಟಳು.

"ಇಲ್ಲೇ ಇಡು ಕರೆವ್ವ. ಆದ್ರ ಖಂಡ ಗಿಂಡ ಇದರಾಗ ಇಡಬ್ಯಾಡ ನೋಡು. ನಮ್ಮ ಹಾಲು ಮೊಸರು ಇರತಾವು."

ಯಾರ ಫ್ರಿಜ್ಜು, ಯಾರ ಹಾಲು! ಕೇಳಿ ನನಗೆ ಮೈ ಉರಿದಿತ್ತು. ಕರೆವ್ವ ಮಾತ್ರ, "ಹೋಗ್ಲಿ ಬಿಡ ಯಕ್ಕಾ, ನಮಗ ಮನಿ ಕೊಡವರರ ಯಾರದಾರ?" ಎಂದಿದ್ದಳು.

ಏಪ್ರಿಲ್‌ನಲ್ಲಿ ಅವಳ ಮಗಳು ಸೌಂದರ್ಯಾ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಏನು ಬಯಕೆ ಎಂದರೆ ಹಂದಿ ಮಾಂಸದ ಸಾರು ಎಂದಳು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ತಾಯಿ ನಮ್ಮ ಕಡೆ ಸಿಗುವುದಿಲ್ಲ. ಮುಧೋಳದಲ್ಲಿ ಹಂದಿ ಸಾಕುವ ಕರೆವ್ವನ ತಮ್ಮ ಸಂಜು ರವಿವಾರ ಬೆಳಿಗ್ಗೆ ಎರಡು ಕಿಲೋ ತಂದುಕೊಟ್ಟ. ಹಸಿ ಮಾಂಸ ಇಟ್ಟುಕೊಳ್ಳುವ ರೂಢಿ ಅವರಲ್ಲಿಲ್ಲ, ಕೊಯ್ದ ದಿನವೇ ಒಲೆಗೇರಬೇಕು. ಅವತ್ತು ಏರಲಿಲ್ಲ. ಮಾದೇವಿಯ ಮನೆಗೆ ಅಯ್ಯನವರು ಪಾದಪೂಜೆಗೆ ಬರುವವರಿದ್ದರು. "ಇವತ್ತೊಂದಿನ ಅದನ್ನ ಕುದಿಸಬ್ಯಾಡವಾ, ವಾಸನಿ ಬರತೈತಿ" ಎಂದು ಆಕೆ ಬಾಗಿಲಲ್ಲೇ ನಿಂತು ಹೇಳಿ ಹೋದಳು.

ಫ್ರಿಜ್ಜು ಹತ್ತು ಹೆಜ್ಜೆ ದೂರದಲ್ಲಿತ್ತು. ಕರೆವ್ವ ಮಾಂಸಕ್ಕೆ ಉಪ್ಪು ಅರಿಸಿನ ಸವರಿ, ಗಡಿಗೆಗೆ ತುಂಬಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಬಚ್ಚಲ ಪಕ್ಕದ ಹಸಿ ಮರಳಲ್ಲಿ ಹೂತಿಟ್ಟಳು. ಗಡಿಗೆಯ ನೀರು ತಣ್ಣಗಿರುವಂತೆ ಇದೂ ಇರುತ್ತದೆ ಎಂದುಕೊಂಡಳು. ಹೊರಗೆ ಕಾಲಿಡಲಾಗದಂಥ ಬಿಸಿಲು. ಮರುದಿನ ತೆಗೆದಾಗ ಸಣ್ಣಗೆ ವಾಸನೆ ಇತ್ತಂತೆ. ಹುಣಸೆ ನೀರಲ್ಲಿ ಮೂರು ಸಲ ತೊಳೆದಳು, ವಾಸನೆ ಹೋಯಿತು. ಬೇಯಿಸಿ, ತಾನು ತುತ್ತೂ ಮುಟ್ಟದೆ ಎಲ್ಲ ಮಗಳಿಗೇ ಬಡಿಸಿದಳು.

ಸಂಜೆಗೆ ವಾಂತಿ, ಭೇದಿ, ಜ್ವರ. ಜಮಖಂಡಿಯ ಆಸ್ಪತ್ರೆಯಲ್ಲಿ ಎರಡು ದಿನ ಸಲಾಯಿನ್ ಏರಿಸಿದರು. ಮೂರನೆಯ ದಿನ ಹೊತ್ತಲ್ಲದ ಹೊತ್ತಲ್ಲಿ ಹೆರಿಗೆ ನೋವು ಬಂತು. ಗಂಡು ಕೂಸು. ಅಳಲೇ ಇಲ್ಲ.

ಡಾಕ್ಟರಮ್ಮ ಎಲ್ಲರೆದುರೂ ಕರೆವ್ವನನ್ನು ಬೈದರು. "ಇಂಥಾ ಬ್ಯಾಸಿಗ್ಯಾಗ ಹಸಿ ಮಾಂಸ ಒಂದಿನ ಹೊರಗ ಇಡತಾರೇನವಾ? ಕೆಟ್ಟ ಮ್ಯಾಲ ತೊಳದ್ರೂ ಅಷ್ಟ, ಕುದಿಸಿದ್ರೂ ಅಷ್ಟ. ಮನ್ಯಾಗ ಫ್ರಿಜ್ ಇಲ್ಲೇನು?"

ಗಂಜಿ ತಂದಿದ್ದ ಮಾದೇವಿ ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೆಟ್ಟ ಹೆಂಗಸೇನಲ್ಲ ಅವಳು. ನನಗೆ ಹೆಚ್ಚು ಸಿಟ್ಟು ಬರುವುದು ಅದಕ್ಕೇ. ಕರೆವ್ವ ಒಮ್ಮೆ ಅವಳ ಮುಖ ನೋಡಿದಳು.

"ಇಲ್ರಿ" ಎಂದಳು.

ಗೋಡೆಯ ಕಡೆ ತಿರುಗಿ ಮಲಗಿದ್ದ ಸೌಂದರ್ಯಾ ಈ ಕಡೆ ಹೊರಳಿದಳು.

"ಯವ್ವಾ, ಇನ್ನೂ ಆ ಮನಿ ಬೇಕೇನಬೇ ನಿನಗ?"