ಕ್ಯಾಪ್ಟನ್ ಡೇಲಿಯೋನ ತೊಡೆ, ಮಾರಿವೆಲ್‌ಳ ಲ್ಯಾಪ್‌ಟಾಪ್

ನಮ್ಮ ಇಲೊಯ್ಲೊ ಊರಿನ ಹಾರೋ ಕಡೆ ಪ್ರತಿ ಬರಾಂಗಾಯ್‌ಗೂ, ಅಂದರೆ ಪ್ರತಿ ಬಡಾವಣೆಗೂ, ಜನ ಓಟು ಹಾಕಿ ಆರಿಸಿದ ಒಬ್ಬ ಕ್ಯಾಪ್ಟನ್ ಇರುತ್ತಾನೆ. ಚರಂಡಿ ಕಟ್ಟಿಕೊಂಡರೆ, ಕೋಳಿ ಕಳೆದರೆ, ಗಂಡ ಹೆಂಡತಿ ಪಾತ್ರೆ ಎಸೆದಾಡಿದರೆ ಜನ ಅವನ ಹತ್ತಿರ ಹೋಗುತ್ತಾರೆ. ನಮ್ಮ ಬರಾಂಗಾಯ್‌ಗೆ ಮಾತ್ರ ಇಬ್ಬರು ಕ್ಯಾಪ್ಟನ್‌ಗಳಿದ್ದರು. ಎರಡನೆಯವನಿಗೆ ಯಾರೂ ಓಟು ಹಾಕಿರಲಿಲ್ಲ. ಅವನು ರೊಡೇಲಿಯೋ ಹೊರ್ಮಿಲ್ಯೋಸಾ, ನಮಗೆಲ್ಲ ಡೇಲಿಯೋ. ಕಂಪ್ಯೂಟರಿನಲ್ಲಿ ಐದು ಜನ ಸೇರಿ ಇನ್ನೈದು ಜನರನ್ನು ಹೊಡೆದುರುಳಿಸುವ ಆಟದಲ್ಲಿ ಅವನೇ ತಂಡದ ನಾಯಕ. ಉಳಿದ ನಾಲ್ವರೂ ಅವನ ಅರ್ಧ ವಯಸ್ಸಿನವರು. ಅವರು ಅವನನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದುದು ತಮಾಷೆಗೆ. ಅದು ತಮಾಷೆ ಎಂಬುದು ಡೇಲಿಯೋನಿಗೆ ಒಬ್ಬನಿಗೇ ಗೊತ್ತಿರಲಿಲ್ಲ.

ನನ್ನದು ಬಾಚೋಯ್ ಅಂಗಡಿ. ಶಾವಿಗೆ, ಹಂದಿಯ ಈಲಿ, ಮೇಲೆ ಚಿಚರೋನ್ ಎಂಬ ಕರಿದ ಹಂದಿ ಚರ್ಮದ ಪುಡಿ, ಬಿಸಿ ಬಿಸಿ ಸಾರು. ಒಂದು ಬಟ್ಟಲು ತೆಗೆದುಕೊಂಡವರು ಸಾರನ್ನು ಎಷ್ಟು ಸಲ ಕೇಳಿದರೂ ಹಾಕಬೇಕು, ಇದು ನಮ್ಮ ಊರಿನ ಮರ್ಯಾದೆ. ಈ ಮರ್ಯಾದೆಯನ್ನು ಕಂಡುಹಿಡಿದ ಪುಣ್ಯಾತ್ಮ ಡೇಲಿಯೋನಂಥವನೊಬ್ಬ ಮುಂದೆ ಹುಟ್ಟಬಹುದೆಂದು ಯೋಚಿಸಿರಲಿಕ್ಕಿಲ್ಲ. ಅದರ ಮೇಲೆ, ಬುದ್ಧಿ ಕೆಟ್ಟು, ನಾನು ಅಂಗಡಿಗೆ ವೈಫೈ ಬೇರೆ ಹಾಕಿಸಿದೆ. ಡೇಲಿಯೋ ಬೆಳಿಗ್ಗೆ ಒಂದು ಬಟ್ಟಲು ತೆಗೆದುಕೊಂಡು ಮೂಲೆಯ ಬೆಂಚಿನಲ್ಲಿ ಕೂತರೆ ಸಂಜೆವರೆಗೆ ಅವನ ಬಟ್ಟಲಿಗೆ ಸಾರು ಸುರಿಯುತ್ತಲೇ ಇರಬೇಕಾಗಿತ್ತು. ಶಾವಿಗೆ ಮುಗಿದು ಯಾವ ಕಾಲವಾಗಿರುತ್ತಿತ್ತೋ.

ಅವನು ಕೂರುವ ರೀತಿಯನ್ನು ಹೇಳಲೇಬೇಕು. ಬೆಂಚಿನ ಮುಂದೆ ಒಳ್ಳೆ ಮೇಜಿತ್ತು. ಅದರ ಮೇಲೆ ಬಟ್ಟಲು ಮಾತ್ರ. ಲ್ಯಾಪ್‌ಟಾಪ್ ತೊಡೆಯ ಮೇಲೆ, ತೊಡೆಗೂ ಅದಕ್ಕೂ ನಡುವೆ ಹತ್ತಿ ತುಂಬಿದ ಒಂದು ದಿಂಬು. ಮೊದಲ ಪಂದ್ಯ ಗೆದ್ದಾಗ ಅವನು ಹಾಗೆ ಕೂತಿದ್ದನಂತೆ, ಅಂದಿನಿಂದ ಅದೇ ಅದೃಷ್ಟದ ಭಂಗಿ. ದಿಂಬು ತರಲು ಮರೆತ ದಿನ ಬರಿ ತೊಡೆಯ ಮೇಲೆಯೇ ಇಟ್ಟುಕೊಳ್ಳುತ್ತಿದ್ದ. ಅವನದು ಯಾವಾಗಲೂ ಚಡ್ಡಿ. ಕ್ರಮೇಣ ಎರಡೂ ತೊಡೆಗಳ ಮೇಲೆ ಕಂದು ಬಣ್ಣದ ಗೆರೆಗಳು ಮೀನಿನ ಬಲೆಯ ಹಾಗೆ ಮೂಡಿ, ಹೋಗದೆ ನಿಂತುಬಿಟ್ಟವು. ಯುದ್ಧದಿಂದ ಬಂದ ಸಿಪಾಯಿ ಗಾಯ ತೋರಿಸುವಂತೆ ಅವನು ಅವನ್ನು ಗಿರಾಕಿಗಳಿಗೆ ತೋರಿಸುತ್ತಿದ್ದ. ಊಟಕ್ಕೆ ಕೂತವರಿಗೆ ತೋರಿಸುವ ವಸ್ತುವೇ ಅದು?

ಲ್ಯಾಪ್‌ಟಾಪ್ ಅವನದಲ್ಲ. ಮಾರಿವೆಲ್‌ಗೆ ಓದಲೆಂದು, ಹಡಗಿನಲ್ಲಿ ಕೆಲಸ ಮಾಡುವ ಅವಳ ತಮ್ಮ ತಂದುಕೊಟ್ಟದ್ದು. ಮಾರಿವೆಲ್ ಡೇಲಿಯೋನ ಹೆಂಡತಿ. ಮದುವೆಗೆ ಮುಂಚೆ ಬಿಟ್ಟಿದ್ದ ಓದನ್ನು ಮತ್ತೆ ಹಿಡಿದು ಟೀಚರ್ ಪರೀಕ್ಷೆ ಪಾಸಾದವಳು. ಹಗಲಿಡೀ ಒಂದು ಹೋಟೆಲಿನ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಗಂಡ ಆಡಿ ದಣಿದು ಎದ್ದ ಮೇಲೆ, ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಜೀವವಿದ್ದರೆ, ಅವಳು ಓದುತ್ತಿದ್ದಳು. ಡೇಲಿಯೋ ಮೊದಲು ಸೆಕ್ಯುರಿಟಿ ಗಾರ್ಡ್ ಆಗಿದ್ದ, ಆಮೇಲೆ ಟೈಲ್ಸ್ ಹಾಕುವವನಾಗಿದ್ದ, ಆಮೇಲೆ ಜೀಪ್ನಿ ನಿಲ್ದಾಣದಲ್ಲಿ ಜನರನ್ನು ಕೂಗಿ ಹತ್ತಿಸುವವನಾಗಿದ್ದ. ಮೂರೂ ಕಡೆ ಮೇಲಿನವರಿಗೆ ತಂತ್ರಗಾರಿಕೆ ಗೊತ್ತಿಲ್ಲವೆಂದು ಬಿಟ್ಟು ಬಂದ.

ಆಟ ಶುರುವಾದಾಗ ಅವನ ಸೈನಿಕ ಪರದೆಯ ಮೇಲೆ ಚಿಗರೆಯ ಹಾಗೆ ಜಿಗಿಯುತ್ತಿದ್ದ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ದಿಂಬು ಕಾದು, ಲ್ಯಾಪ್‌ಟಾಪಿನ ಫ್ಯಾನು ಕೊಯ್ಯೋ ಎಂದು ಗೋಳಾಡಿ, ಸೈನಿಕ ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಯೋಚಿಸುವುದು, ಮತ್ತೊಂದು ಹೆಜ್ಜೆ ಇಡುವುದು. ಅಷ್ಟರಲ್ಲಿ ಎದುರಾಳಿ ಬಂದು ಹೊಡೆದು ಹೋಗಿರುತ್ತಿದ್ದ.

"ಲ್ಯಾಗ್! ಲ್ಯಾಗ್ ಆಗ್ತಿದೆ!" ಎಂದು ಡೇಲಿಯೋ ಬಾಯಿ ಬಡಿದುಕೊಳ್ಳುತ್ತಿದ್ದ. "ನಾಂಗ್ ಕೊನ್ಸಿಂಗ್, ನಿಮ್ಮ ವೈಫೈ ಸರಿ ಇಲ್ಲ!"

ನಾಂಗ್ ಅಂದರೆ ಅಕ್ಕ, ಕೊನ್ಸಿಂಗ್ ನಾನು. ನಮಗಿಂತ ಚಿಕ್ಕ ಗಂಡಸರನ್ನು ತೊತೊ, ಹೆಂಗಸರನ್ನು ಇಂದಾಯ್ ಅನ್ನುತ್ತೇವೆ.

"ನನ್ನ ವೈಫೈನಲ್ಲಿ ಆ ಕಡೆ ಬೆಂಚಿನ ಹುಡುಗಿ ಸಿನಿಮಾ ನೋಡ್ತಿದಾಳಲ್ಲ ತೊತೊ, ಅವಳಿಗೆ ಸರಿ ಇದೆ, ನಿಂಗೆ ಮಾತ್ರ ಕೆಟ್ಟೋಗಿದ್ಯಾ?"

"ಹಾಗಾದ್ರೆ ಪಕ್ಕದ ಮನೆಯೋರು ಅನ್ನದ ಕುಕ್ಕರ್ ಹಾಕಿರ್ಬೇಕು. ಕರೆಂಟ್ ಎಳೀತಿದೆ."

ಕುಕ್ಕರ್ ಇಲ್ಲದ ದಿನ ತಪ್ಪು ಅವನ ತಂಡದ ಹುಡುಗರದು. ಹುಡುಗರೂ ಸರಿಯಾಗಿ ಆಡಿದ ದಿನ ಮೋಡದ್ದು. ಲ್ಯಾಪ್‌ಟಾಪ್ ಉಸಿರಾಡುವುದು ಕೆಳಗಿನ ತೂತುಗಳಿಂದ, ದಿಂಬು ಅದರ ಮೂಗು ಮುಚ್ಚುತ್ತದೆ, ಮೈ ಕಾದರೆ ಸುಟ್ಟುಹೋಗಬಾರದೆಂದು ಅದು ತಾನೇ ನಿಧಾನವಾಗುತ್ತದೆ. ಇಷ್ಟನ್ನು ಅವನಿಗೆ ಹೇಳದವರು ಈ ಬೀದಿಯಲ್ಲಿ ಯಾರೂ ಇಲ್ಲ. ನಾನು ಹೇಳಿದೆ. ಮೀನು ಮಾರುವವಳು ಹೇಳಿದಳು. ನಿಜವಾದ ಕ್ಯಾಪ್ಟನ್ ಬಾಚೋಯ್ ತಿನ್ನಲು ಬಂದಾಗ ಹೇಳಿ ನೋಡಿದ.

"ಮೇಜಿನ ಮೇಲಿಡೋ ಮಾರಾಯ, ಕೆಳಗೆ ಎರಡು ಬಾಟ್ಲಿ ಮುಚ್ಚಳ ಇಡು, ಮುಂದೆ ಒಂದು ಫ್ಯಾನ್ ಹಾಕು."

ಡೇಲಿಯೋ ಮಗುವಿನ ಮೇಲೆ ತಣ್ಣೀರು ಸುರಿ ಎಂದು ಯಾರೋ ಹೇಳಿದಂತೆ ಬೆಚ್ಚಿಬಿದ್ದ. "ಕಾದಿರೋದಕ್ಕೆ ಫ್ಯಾನ್ ಗಾಳೀನಾ! ಪಾಸ್ಮೊ ಆಗಲ್ವಾ?"

ಪಾಸ್ಮೊ ಸುಮ್ಮನೆ ಮಾತಲ್ಲ. ಬಿಸಿಯಾದ ಕೈಗೆ ತಣ್ಣೀರು ಸೋಕಿದರೆ ನರ ಸೆಟೆದು ಕೈ ನಡುಗುತ್ತದೆ. ನಮ್ಮ ಅಜ್ಜಿಯರು ಹೇಳಿದ್ದು, ನಾನೂ ನಂಬುತ್ತೇನೆ, ಒಲೆಯ ಮುಂದಿನಿಂದ ಎದ್ದು ಕೂಡಲೇ ಕೈ ತೊಳೆಯುವುದಿಲ್ಲ. ಆದರೆ ನಮ್ಮ ಅಜ್ಜಿಯರಲ್ಲಿ ಯಾರೂ ಲ್ಯಾಪ್‌ಟಾಪ್‌ಗೆ ಪಾಸ್ಮೊ ಬರುತ್ತದೆ ಎಂದಿರಲಿಲ್ಲ. ಅದನ್ನು ಡೇಲಿಯೋ ಕಂಡುಹಿಡಿದ. ಆಟ ಮುಗಿದ ಮೇಲೆ ಅವನು ಕುದಿಯುತ್ತಿದ್ದ ಲ್ಯಾಪ್‌ಟಾಪನ್ನು ಒಂದು ಟವೆಲಿನಲ್ಲಿ ಸುತ್ತಿ, ಅದರ ಮೇಲೆ ಕಂಬಳಿ ಹೊದಿಸಿ ಮಲಗಿಸುತ್ತಿದ್ದ. ನಿಧಾನಕ್ಕೆ ತಣಿಯಬೇಕಂತೆ. ಹಾಗೇ ಅವನ ಕೈಗೂ ಪಾಸ್ಮೊ ಬರಬಾರದಲ್ಲ. ಆಡಿ ಬಿಸಿಯಾದ ಕೈ ನೋಡಿ, ಪಾತ್ರೆ ತೊಳೆಯುವ ಹಾಗಿಲ್ಲ, ಬಟ್ಟೆ ಒಗೆಯುವ ಹಾಗಿಲ್ಲ, ನೀರಿನ ಹತ್ತಿರವೇ ಹೋಗುವ ಹಾಗಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಹಗಲಿಡೀ ಒತ್ತಿ ಬಂದ ಮಾರಿವೆಲ್ ಆ ಪಾತ್ರೆಗಳನ್ನು ನಲ್ಲಿಯ ತಣ್ಣೀರಿನಲ್ಲಿ ತೊಳೆಯುತ್ತಿದ್ದಳು. ಅವಳ ಕೈ ನಡುಗುವುದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ.

ಜನವರಿ ಕೊನೆಗೆ ಒಂದು ದಿನ ಮಾರಿವೆಲ್ ಅಂಗಡಿಯ ಹಿಂಬಾಗಿಲಿಗೆ ಬಂದಳು.

"ನಾಂಗ್, ಗಿಮಾರಾಸ್ ದ್ವೀಪದಲ್ಲಿ ಸಿಸ್ಟರ್‌ಗಳು ನಡೆಸೋ ಶಾಲೇಲಿ ಟೀಚರ್ ಬೇಕಂತೆ. ಇರೋ ಟೀಚರ್ ದಿಢೀರಂತ ಬಿಟ್ಟು ಹೋದ್ರಂತೆ. ನನ್ನ ಅರ್ಜಿ ನೋಡಿದಾರೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್‌ನಲ್ಲಿ ಅವರ ಮುಂದೆ ಒಂದು ಪಾಠ ಮಾಡಿ ತೋರಿಸ್ಬೇಕು. ನಿಮ್ಮ ಅಂಗಡೀಲಿ ಕೂತ್ಕೊಳ್ಳಾ?"

"ಕೇಳ್ಬೇಕಾ ಇಂದಾಯ್? ಬೋರ್ಡ್ ತಿರುಗಿಸಿ ಬಾಗಿಲು ಹಾಕ್ತೀನಿ. ಸಂತೋಷದ ವಿಷಯಕ್ಕೆ ಯಾಕೆ ಮುಖ ಹೀಗೆ ಮಾಡ್ಕೊಂಡಿದೀಯ?"

"ಅಲ್ಲೇ ಉಳ್ಕೋಬೇಕು ನಾಂಗ್. ಶಾಲೆಯೋರೇ ರೂಮ್ ಕೊಡ್ತಾರೆ, ರಜೇಲಿ ಮಾತ್ರ ಬರಬಹುದು. ಸಿಸ್ಟರು ಗಂಡನ ಒಪ್ಪಿಗೆ ಇದ್ಯಾ ಅಂತ ಕೇಳೇ ಕೇಳ್ತಾರಂತೆ, ಮನೇಲಿ ಜಗಳ ಆಗಿ ಮಧ್ಯದಲ್ಲಿ ಬಿಟ್ಟು ಹೋಗ್ತಾರೆ ಅಂತ. ಡೇಲಿಯೋಗೆ ಹೇಗೆ ಹೇಳ್ಲಿ? ಅಡುಗೆ ಯಾರು ಮಾಡ್ತಾರೆ ಅಂತಾನೆ. ಬೇಡ ಅಂದ್ಬಿಟ್ರೆ?"

"ಹೇಳ್ಬೇಡ."

"ಅವನು ಕೆಟ್ಟೋನಲ್ಲ ನಾಂಗ್. ನಾನಿಲ್ದೆ ಇದ್ರೆ ಏನ್ಮಾಡ್ತಾನೋ. ನಾನು ಇಲ್ಲ ಅಂತ ಅವನಿಗೂ ಬೇಜಾರಾಗತ್ತೆ."

ಆ ನಂಬಿಕೆಯನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಹದಿನಾಲ್ಕು ವರ್ಷ ಇಸ್ತ್ರಿ ಮಾಡಿದವಳ ಹತ್ತಿರ ಉಳಿದಿದ್ದುದು ಅದೊಂದೇ ಇರಬಹುದು.

ಶನಿವಾರ ಡೇಲಿಯೋನಿಗೂ ಮಹತ್ವದ ದಿನವೇ. ನಮ್ಮ ಕಾಂಡೆಲಾರಿಯಾ ಮಾತೆಯ ಜಾತ್ರೆಗೆ ಬರಾಂಗಾಯ್‌ಗಳ ನಡುವೆ ಆಟದ ಪಂದ್ಯವಿಟ್ಟಿದ್ದರು, ಫೈನಲ್ ಹತ್ತು ಗಂಟೆಗೆ, ಅವರವರು ತಮ್ಮ ತಮ್ಮ ಜಾಗದಿಂದಲೇ ಆಡುವುದು. ಒಂಬತ್ತಕ್ಕೆ ಮಾರಿವೆಲ್‌ಗೆ ಲ್ಯಾಪ್‌ಟಾಪ್ ಕೊಡುತ್ತೇನೆಂದು ಅವನು ಶಿಲುಬೆ ಗುರುತು ಮಾಡಿ ಮಾತು ಕೊಟ್ಟಿದ್ದ. ಪಾಠ ಯಾವುದು, ಯಾರ ಮುಂದೆ ಎಂದು ಕೇಳಿರಲಿಲ್ಲ.

ಮಾತು ಕೊಟ್ಟದ್ದು ಒಂಬತ್ತರಿಂದ ತಾನೆ? ಬೆಳಕು ಹರಿಯುತ್ತಿದ್ದಂತೆ ನನ್ನ ಬೆಂಚಿಗೆ ಬಂದು ದಿಂಬು ಹಾಕಿ ಅಭ್ಯಾಸಕ್ಕೆ ಕೂತ. ಮಾರಿವೆಲ್ ತಾನೇ ಇಸ್ತ್ರಿ ಮಾಡಿದ ಬಿಳಿ ರವಿಕೆ ಹಾಕಿಕೊಂಡು, ಬಣ್ಣದ ಕಾಗದದಲ್ಲಿ ಕತ್ತರಿಸಿದ ಮೀನು, ಆಮೆಗಳನ್ನು ಹಿಡಿದು ಬರುವ ಹೊತ್ತಿಗೆ ಲ್ಯಾಪ್‌ಟಾಪ್ ಕಂಬಳಿಯೊಳಗೆ ಮಲಗಿತ್ತು. ಪರದೆ ಕಪ್ಪಾಗಿತ್ತು. ಗುಂಡಿ ಒತ್ತಿದರೆ ಮಿಸುಕಲಿಲ್ಲ.

"ಏನಾಯ್ತು ಇದಕ್ಕೆ?" ಮಾರಿವೆಲ್ ಮತ್ತೊಮ್ಮೆ ಗುಂಡಿ ಒತ್ತಿದಳು.

"ಏನಿಲ್ಲ, ಸ್ವಲ್ಪ ಜಾಸ್ತಿ ಕಾದು ಅದಾಗೇ ಆಫ್ ಆಗಿದೆ. ತಣೀಲಿ ಬಿಡು."

"ಒಂಬತ್ತಾಗ್ತಾ ಬಂತು!"

ನಾನು ಕಂಬಳಿ ಕಿತ್ತೆಸೆದು, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಕೆಳಗೆ ಎರಡು ಬಟ್ಟಲು ಬೋರಲು ಹಾಕಿ, ಅಡುಗೆಮನೆಯ ದೊಡ್ಡ ಫ್ಯಾನನ್ನು ಎಳೆದು ತಂದೆ. ಡೇಲಿಯೋ ಬಾಲ ಸುಟ್ಟ ಬೆಕ್ಕಿನಂತೆ ಓಡಿಬಂದು ಫ್ಯಾನಿಗೂ ಲ್ಯಾಪ್‌ಟಾಪಿಗೂ ಮಧ್ಯೆ ಎದೆ ಕೊಟ್ಟು ನಿಂತ.

"ನಾಂಗ್, ಬೇಡ! ಪಾಸ್ಮೊ ಆಗತ್ತೆ! ಹತ್ತಕ್ಕೆ ನನ್ನ ಫೈನಲ್ ಇದೆ!"

ಮಾರಿವೆಲ್ ಕಾಗದದ ಆಮೆಯನ್ನು ಕೆಳಗಿಟ್ಟಳು. ಅವಳು ದನಿ ಏರಿಸಿದ್ದನ್ನು ನಾನು ಅಂದೇ ಕೇಳಿದ್ದು.

"ಇಸ್ತ್ರಿ ಮಾಡಿ ಬಂದು ನಿನ್ನ ಪಾತ್ರೆ ತೊಳೀತೀನಲ್ಲ, ದಿನಾ. ಒಂದು ದಿನ, ಒಂದೇ ಒಂದು ದಿನ ನನ್ನ ಕೈಗೆ ಪಾಸ್ಮೊ ಆಗತ್ತೆ ಅಂದಿದೀಯಾ? ಸರಿ ಆ ಕಡೆ."

ಅವನು ಸರಿದ. ನಾಚಿಕೆಯಿಂದಲ್ಲ, ಅವಳ ದನಿ ಅವನಿಗೆ ಅಷ್ಟು ಹೊಸದಾಗಿತ್ತು. ಫ್ಯಾನು ತಿರುಗಿತು. ಮಾರಿವೆಲ್ ಕಣ್ಣು ಮುಚ್ಚಿ ನಮ್ಮ ಕಾಂಡೆಲಾರಿಯಾ ಮಾತೆಗೆ ಏನೋ ಹೇಳಿಕೊಂಡಳು. ನಾನೂ ಹೇಳಿಕೊಂಡೆ. ಒಂಬತ್ತು ಹೊಡೆಯುವ ಹೊತ್ತಿಗೆ ಗುಂಡಿ ಒತ್ತಿದರೆ ಪರದೆ ಬೆಳಗಿತು, ಮೂವರು ಸಿಸ್ಟರುಗಳು ಸಾಲಾಗಿ ಕಾಣಿಸಿದರು.

ಮಾರಿವೆಲ್ ಎಂಥ ಪಾಠ ಮಾಡಿದಳು! ಕಾಗದದ ಆಮೆ ಸಮುದ್ರ ದಾಟಿ ಮೊಟ್ಟೆಯಿಡಲು ಹೋಗುವುದನ್ನು ಹೇಳುವಾಗ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಲ್ಯಾಪ್‌ಟಾಪ್ ಒಂದು ಸಲವೂ ತೊದಲಲಿಲ್ಲ, ನಿಲ್ಲಲಿಲ್ಲ. ನಾನು ಡೇಲಿಯೋನ ಪಕ್ಕೆ ತಿವಿದು ಪಿಸುಗುಟ್ಟಿದೆ. "ನೋಡಿದ್ಯಾ? ಮೇಜು. ಫ್ಯಾನು. ಎಲ್ಲೋಯ್ತು ಲ್ಯಾಗ್?"

"ಅದು ಪಾಠ ನಾಂಗ್," ಅವನೂ ಪಿಸುಗುಟ್ಟಿದ. "ಪಾಠಕ್ಕೆಲ್ಲ ಅಷ್ಟು ಪವರ್ ಬೇಡ." ಹೇಳುತ್ತ ಗೋಡೆಯ ಗಡಿಯಾರ ನೋಡಿದ. ಹತ್ತಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಫೋನಿನಲ್ಲಿ ಹುಡುಗರು 'ಕ್ಯಾಪ್ಟನ್ ಎಲ್ಲಿ' ಎಂದು ಕೇಳುತ್ತಿದ್ದರು. ದಿಂಬನ್ನು ಆಗಲೇ ತೊಡೆಯ ಮೇಲೆ ಹಾಕಿಕೊಂಡು, ಎರಡೂ ಕೈ ಚಾಚಿಕೊಂಡು, ಬಾಣಂತಿಯಿಂದ ಕೂಸನ್ನು ಎತ್ತಿಕೊಳ್ಳಲು ಕಾದವನಂತೆ ಬೆಂಚಿನ ತುದಿಯಲ್ಲಿ ಕೂತಿದ್ದ.

ಪರದೆಯಲ್ಲಿ ಹಿರಿಯ ಸಿಸ್ಟರ್ ನಗುತ್ತಿದ್ದರು. "ಬಹಳ ಚೆನ್ನಾಗಿತ್ತಮ್ಮ. ಸೋಮವಾರವೇ ಬರ್ತೀಯಾ? ನಿನ್ನ ಲ್ಯಾಪ್‌ಟಾಪ್ ತಗೊಂಡು ಬಾ, ನಮ್ಮಲ್ಲಿ ಕಂಪ್ಯೂಟರ್ ಇಲ್ಲ. ಆದ್ರೆ ಒಂದು ಮಾತು. ಇಲ್ಲೇ ಉಳ್ಕೋಬೇಕು. ನಿನ್ನ ಗಂಡನ ಒಪ್ಪಿಗೆ ಇದ್ಯಾ?"

ಮಾರಿವೆಲ್ ಕಾಗದದ ಆಮೆಯ ಅಂಚನ್ನು ಮಡಚತೊಡಗಿದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ನನಗೆ ತಡೆಯಲಾಗಲಿಲ್ಲ. ನಾನೇ ಲ್ಯಾಪ್‌ಟಾಪನ್ನು ಬಟ್ಟಲುಗಳ ಮೇಲೆ ಮೆಲ್ಲಗೆ ತಿರುಗಿಸಿದೆ. ಸಿಸ್ಟರುಗಳಿಗೆ ಈಗ ಡೇಲಿಯೋ ಕಂಡ.

"ಇವರೇ ಗಂಡ ಸಿಸ್ಟರ್. ಇಲ್ಲೇ ಕೂತು ಎಲ್ಲಾ ಕೇಳಿಸ್ಕೊಂಡಿದಾರೆ."

"ನಮಸ್ಕಾರಪ್ಪ," ಎಂದರು ಸಿಸ್ಟರ್. "ನಿಮ್ಮ ಹೆಂಡತಿ ಇಲ್ಲಿ ಬಂದಿರೋದಕ್ಕೆ ನಿಮ್ಮ ಒಪ್ಪಿಗೆ ಇದ್ಯಾ? ರಜೇಲಿ ಮಾತ್ರ ಮನೆಗೆ ಬರೋಕಾಗೋದು. ಯೋಚನೆ ಮಾಡಿ ಹೇಳಿ."

ಡೇಲಿಯೋನ ಕಣ್ಣು ಗಡಿಯಾರದ ಮೇಲಿತ್ತು. "ಒಪ್ಪಿಗೆ ಸಿಸ್ಟರ್, ಪೂರ್ತಿ ಒಪ್ಪಿಗೆ. ಯೋಚನೆ ಎಲ್ಲಾ ಮಾಡಾಯ್ತು. ಮುಗೀತಲ್ವಾ?"

"ದೇವರು ಒಳ್ಳೇದು ಮಾಡ್ಲಿ. ಇಂಥ ಗಂಡ ಎಲ್ಲರಿಗೂ ಸಿಗಲ್ಲ," ಎಂದು ಸಿಸ್ಟರ್ ಹರಸಿ ಹೋದರು.

ಡೇಲಿಯೋ ಕೈ ಇನ್ನಷ್ಟು ಮುಂದೆ ಚಾಚಿದ. ಮಾರಿವೆಲ್ ಲ್ಯಾಪ್‌ಟಾಪನ್ನು ಮುಚ್ಚಿ, ವೈರು ಸುತ್ತಿ, ಎರಡನ್ನೂ ತನ್ನ ಚೀಲಕ್ಕೆ ಹಾಕಿದಳು. ಅವಳ ಮುಖದಲ್ಲಿ ಸಂತೋಷವೂ ಇತ್ತು, ಅಳುಕೂ ಇತ್ತು. ಅವನೊಂದು ಮಾತು, ಹೋಗಬೇಡ ಎಂದೋ ಹುಷಾರು ಎಂದೋ ಒಂದು ಮಾತು ಆಡಿದ್ದರೆ, ಅವಳು ಅಲ್ಲೇ ಕೂತು ಅತ್ತುಬಿಡುತ್ತಿದ್ದಳೆಂದು ನನಗೆ ಗೊತ್ತು.

"ಏ, ಅದನ್ನ ಯಾಕೆ ಚೀಲಕ್ಕೆ ಹಾಕ್ತೀಯ? ಫೈನಲ್ ಶುರುವಾಗತ್ತೆ!"

"ಬಟ್ಟೆ ಜೋಡಿಸ್ಕೊಳ್ತೀನಿ. ನಾಳೆ ಸಂಜೆ ದೋಣಿಗೆ ಗಿಮಾರಾಸ್‌ಗೆ ಹೋಗ್ಬೇಕು. ಈಗ ತಾನೆ ಒಪ್ಪಿದೆಯಲ್ಲ."

ಡೇಲಿಯೋ ನನ್ನ ಕಡೆ ತಿರುಗಿದ. "ನಾಂಗ್, ನಾನು ಏನಕ್ಕೆ ಒಪ್ಪಿದೆ?"

ನಾನು ಒಂದೊಂದೇ ಮಾತು ಬಿಡಿಸಿ ಹೇಳಿದೆ. ಅವಳು ಅಲ್ಲೇ ಇರುತ್ತಾಳೆ. ರಜೆಯಲ್ಲಿ ಮಾತ್ರ ಬರುತ್ತಾಳೆ. ಲ್ಯಾಪ್‌ಟಾಪ್ ಅವಳ ಜೊತೆ ಹೋಗುತ್ತದೆ. ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹಣೆಯಲ್ಲಿ ಗೆರೆ ಮೂಡಿತು. ಮಾರಿವೆಲ್ ಬಾಗಿಲಲ್ಲಿ ಕಾದು ನಿಂತಿದ್ದಳು.

"ಅವಳು ಹೋಗ್ಲಿ ನಾಂಗ್," ಎಂದ ಡೇಲಿಯೋ. "ಲ್ಯಾಪ್‌ಟಾಪ್ ಯಾಕೆ ಹೋಗ್ಬೇಕು?"

ಮಾರಿವೆಲ್ ಕೇಳಿಸಿಕೊಂಡಳು. ಚೀಲವನ್ನು ಹೆಗಲಿಗೇರಿಸಿ, ನನಗೆ ಬರುತ್ತೇನೆ ಎಂದು ಹೇಳಿ, ಅಳುಕಿಲ್ಲದ ಮುಖದಲ್ಲಿ ಮನೆಯ ಕಡೆ ನಡೆದಳು.