ಗಾಜಿನ ಮೇಲೆ ಕದಲದ ಚುಕ್ಕೆ

ಇವತ್ತು ಬೆಳಿಗ್ಗೆ ಕೊಡಿಯಾಲ್‌ಬೈಲಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ವಾಚ್‌ಮನ್ ಒದ್ದೆ ಪೇಪರಿನಿಂದ ಕಾರಿನ ಗಾಜು ಉಜ್ಜುತ್ತಿದ್ದ. ಒದ್ದೆಯಾದ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ, ಮೊದಲು ಜೆಪ್ಪುವಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ಪೈಲಟ್ ಮಾಮ ಎದುರಿಗೇ ಬಂದು ನಿಂತ ಹಾಗಾಯಿತು... ಅವರ ಆ ಸಣ್ಣ ಕೆಮ್ಮಿನ ಸಮೇತ.

ಮಾಮ ಎಂದರೆ ಸಂಬಂಧವೇನೂ ಇಲ್ಲ. ಎಲ್ಲೋ ದೂರದಲ್ಲಿ ಸಣ್ಣ ವಿಮಾನ ಹಾರಿಸಲು ಕಲಿಸುತ್ತಿದ್ದವರು, ಕೆಲಸ ಬಿಟ್ಟು ಊರಿಗೆ ಬಂದಿದ್ದರು. ನನಗೆ ಕಾರು ಕಲಿಸುತ್ತೇನೆಂದು ತಾವಾಗಿಯೇ ಹೇಳಿದರು. ಅಯ್ಯೋ, ಆ ಪಾಠವೋ! ಮೊದಲ ವಾರ ನಾನು ಕಲಿತದ್ದು ಒದ್ದೆ ಪೇಪರಿನಲ್ಲಿ ಗಾಜು ಒರೆಸುವುದನ್ನು ಮಾತ್ರ. ಒಂದು ಕಲೆ ಉಳಿದರೂ ಕೀ ಕೊಡುತ್ತಿರಲಿಲ್ಲ. ಏರು ಹತ್ತುವಾಗ ಬಾನೆಟ್ಟಿನ ಆಚೆ ಕಾಣುವುದಿಲ್ಲವೆಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಣುಕಿಸುತ್ತಿದ್ದರು. ಹಿಂದಿನಿಂದ ಬಸ್ಸಿನವರ ಹಾರ್ನ್. ನನಗೆ ಮೈಯೆಲ್ಲ ಉರಿ.

ಒಂದು ದಿನ ತೊಕ್ಕೊಟ್ಟಿನಿಂದ ಬರುವಾಗ, ಸೇತುವೆ ದಾಟಿದ ಮೇಲೆ ಕಾರು ಬದಿಗೆ ನಿಲ್ಲಿಸಲು ಹೇಳಿದರು. ಬಜಪೆ ವಿಮಾನ ನಿಲ್ದಾಣದಿಂದ ಎದ್ದ ವಿಮಾನವೊಂದು ಮಬ್ಬು ಬಿಸಿಲಿನಲ್ಲಿ ಸದ್ದೇ ಇಲ್ಲದೆ ಮೇಲೇರುತ್ತಿತ್ತು. ಅದನ್ನೇ ನೋಡುತ್ತಾ, ಕೆಲಸ ಬಿಟ್ಟ ಕತೆ ಹೇಳಿದರು... ಸಣ್ಣ ವಿಮಾನ ಮೇಲೇರುವಾಗ ಮೂತಿ ಎತ್ತಿರುತ್ತದೆ, ಮುಂದಿನದು ಕಾಣುವುದಿಲ್ಲ. ಹಾಗಾಗಿ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿ ನೋಡುತ್ತಾ ಏರಬೇಕಂತೆ. ಆ ದಿನ ಶಿಷ್ಯ ನೇರ ಏರಿಸಿದ; ಇವರೂ ಸುಮ್ಮನಿದ್ದರು. ಗಾಜಿನ ಅಂಚಿನಲ್ಲೊಂದು ಚುಕ್ಕೆ. ಹುಳ ಬಡಿದು ಸತ್ತಿದೆ ಅಂದುಕೊಂಡು, ಇಳಿದ ಮೇಲೆ ಒರೆಸಿದರಾಯಿತೆಂದು ಬಿಟ್ಟರು. ಮತ್ತೆ ನೋಡುವಾಗ ಅದೇ ಜಾಗದಲ್ಲಿ ದೊಡ್ಡದಾಗಿದ್ದ ಚುಕ್ಕೆಗೆ ರೆಕ್ಕೆಗಳಿದ್ದವು. ವಿಮಾನವನ್ನು ಬಲಕ್ಕೆ ಎಳೆದರು. ಎದುರಿನವನ ಮೀಸೆ ಕಾಣುವಷ್ಟು ಹತ್ತಿರದಿಂದ ಆ ವಿಮಾನ ದಾಟಿಹೋಯಿತು.

"ಓಡಾಡುವ ಚುಕ್ಕೆಗೆ ಹೆದರ್ಬೇಡ ಮಾರಾಯ್ತಿ," ಎಂದರು. "ಒಂದೇ ಜಾಗದಲ್ಲಿ ನಿಂತು ದೊಡ್ಡದಾಗ್ತದಲ್ಲ, ಅದು ನಮ್ಮ ಮೇಲೆಯೇ ಬರುವುದು."

ಹೇಳಿ ಕೆಮ್ಮಿದರು. ಅವರು ದಿನಾ ಕೆಮ್ಮುತ್ತಿದ್ದರು, ಕೀ ಕೊಡುವ ಮೊದಲು, ಅದೇ ಹೊತ್ತಿಗೆ. ಅದು ಮಾಮನ ಹಾರ್ನ್ ಎಂದು ನಾನು ತಮಾಷೆ ಮಾಡುತ್ತಿದ್ದೆ, ಅವರೂ ನಗುತ್ತಿದ್ದರು. ನನಗೆ ಲೈಸೆನ್ಸ್ ಸಿಕ್ಕಿತು. ಕೆಮ್ಮು ಜೋರಾದಾಗ ಅವರನ್ನು ಆಸ್ಪತ್ರೆಗೆ ಕರೆದೊಯ್ದದ್ದು ನಾನೇ, ಅದೇ ಕಾರಿನಲ್ಲಿ. ಮೊದಲೇ ಬರಬೇಕಿತ್ತು ಎಂದರು ಡಾಕ್ಟ್ರು... ಮುಂದಿನ ಮಳೆಗಾಲ ಅವರು ನೋಡಲಿಲ್ಲ. ದಿನಾ ಆ ಕೆಮ್ಮು ಕೇಳುತ್ತಾ ಪಕ್ಕದಲ್ಲೇ ಕೂತಿದ್ದವಳು ನಾನು. ಆ ಸಂಕಟ ಇನ್ನೂ ಹೋಗಿಲ್ಲ.

ವಾಚ್‌ಮನ್ ಕೈಯಿಂದ ಪೇಪರ್ ತೆಗೆದುಕೊಂಡು ನನ್ನ ಕಾರಿನ ಗಾಜನ್ನು ನಾನೇ ಒರೆಸಿದೆ. ಮೇಲೆ ಬಂದರೆ ಅಮ್ಮ ಎಂದಿನಂತೆ ತಲೆ ಸುತ್ತಿದ್ದಕ್ಕೆ ಗೋಡೆಗೆ ಕೈಯೂರಿ ಒಂದು ಗಳಿಗೆ ನಿಂತು, ಆಮೇಲೆ ಅಡುಗೆಮನೆಗೆ ಹೊರಟರು. ಈ ತಲೆಸುತ್ತು ಯಾವಾಗಿನಿಂದ ಎಂದು ಮೊದಲ ಸಲ ಕೇಳಿದೆ.

"ಅದು ಯಾವಾಗಲೂ ಉಂಟಲ್ಲ," ಎಂದರು ಅಮ್ಮ.

ನಾನು ಕಾರಿನ ಕೀ ಕೈಗೆ ತೆಗೆದುಕೊಂಡು, ಸೀರೆ ಬದಲಿಸಿ ಆಸ್ಪತ್ರೆಗೆ ಹೊರಡಲು ಹೇಳಿದೆ.